ಲಂಬ ಆಂಟೆನಾದ ಕಾಣದ ಅರ್ಧ

ಲಂಬ ಆಂಟೆನಾ ಎಲ್ಲ ದಿಕ್ಕುಗಳಿಗೂ ಸಮನಾಗಿ ಕೆಟ್ಟದಾಗಿಯೇ ಕೆಲಸ ಮಾಡುತ್ತದೆ ಎಂಬ ಕುಚೋದ್ಯವನ್ನು ಹ್ಯಾಮ್‌ಗಳಾದ, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರಾದ ನೀವೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತೀರಿ. ಹಿತ್ತಿಲಿನಲ್ಲಿ ಒಂದು ಸಲಾಕೆ ಹೊಡೆದು, ಕೋಆಕ್ಸ್ ಕೇಬಲ್ಲಿನ ಹೊರಜಾಲರಿಯನ್ನು ಅದಕ್ಕೆ ಬಿಗಿದು, ಪಕ್ಕದಲ್ಲಿ ಹತ್ತು ಮೀಟರಿನ ಅಲ್ಯುಮಿನಿಯಂ ಕೊಳವೆ ನಿಲ್ಲಿಸಿದವರಿಗೆ ಆ ಮಾತು ಅಕ್ಷರಶಃ ನಿಜವಾಗಿ ಕಾಣುತ್ತದೆ. ಅದೇ ಕೊಳವೆಯ ಬುಡದಿಂದ ಸುತ್ತಲೂ ಒಂದಿಪ್ಪತ್ತು ತಂತಿಗಳನ್ನು ನೆಲದ ಮೇಲೆ ಹರಡಿದವರು ಅಷ್ಟೇ ಶಕ್ತಿಯ ಟ್ರಾನ್ಸೀವರ್‌ನಿಂದ (ಪ್ರೇಷಕ ಮತ್ತು ಗ್ರಾಹಕ ಎರಡೂ ಇರುವ ರೇಡಿಯೋದಿಂದ) ಬೇರೆ ಖಂಡಗಳ ಜೊತೆ ನಿರಾಯಾಸವಾಗಿ ಮಾತನಾಡುತ್ತಿರುತ್ತಾರೆ. ಕೊಳವೆ ಒಂದೇ, ಎತ್ತರ ಒಂದೇ, ಬ್ಯಾಂಡ್ ಒಂದೇ ಆಗಿರುವಾಗ ವ್ಯತ್ಯಾಸವೆಲ್ಲ ರೇಡಿಯಲ್ ಎಂದು ಕರೆಯುವ ಆ ತಂತಿಗಳಲ್ಲಿ ಇದೆ ಎಂದಾಯಿತು. ಅವು ಏನು ಮಾಡುತ್ತವೆ, ಎಷ್ಟು ಬೇಕು, ಎಷ್ಟಾದರೆ ಸಾಕು ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ನೋಡೋಣ.

ಡೈಪೋಲ್ ಆಂಟೆನಾ ನಿಮಗೆಲ್ಲ ಪರಿಚಿತ. ಅರ್ಧ ತರಂಗಾಂತರದ ತಂತಿಯನ್ನು ನಡುವೆ ಕತ್ತರಿಸಿ, ಎರಡು ತುಂಡುಗಳಿಗೂ ಕೇಬಲ್ಲಿನ ಎರಡು ತುದಿಗಳನ್ನು ಜೋಡಿಸುತ್ತೇವೆ. ಒಂದು ಕೈಗೆ ಹೋಗುವ ಪ್ರವಾಹದಷ್ಟೇ ಪ್ರವಾಹ ಇನ್ನೊಂದು ಕೈಯಿಂದ ಬರುತ್ತದೆ. ಈಗ ಆ ಡೈಪೋಲನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನ ಕೈಯನ್ನು ತೆಗೆದುಹಾಕಿ, ಮೇಲಿನ ಕಾಲು ತರಂಗಾಂತರದ ಕೈಯನ್ನು ಮಾತ್ರ ಉಳಿಸಿಕೊಂಡಿದ್ದೇವೆ ಎಂದುಕೊಳ್ಳಿ. ಕೇಬಲ್ಲಿನ ನಡುತಂತಿಯಿಂದ ಎಷ್ಟು ಪ್ರವಾಹ ಮೇಲಕ್ಕೆ ಹೋಗುತ್ತದೆಯೋ ಅಷ್ಟೇ ಪ್ರವಾಹವನ್ನು ಹೊರಜಾಲರಿ ಎಲ್ಲಿಂದಲಾದರೂ ಪಡೆಯಲೇಬೇಕು. ಮಾರ್ಕೋನಿ 1895ರ ಪ್ರಯೋಗಗಳಲ್ಲಿ ಪ್ರೇಷಕದ ಒಂದು ತುದಿಯನ್ನು ಎತ್ತರದ ತಂತಿಗೂ ಇನ್ನೊಂದನ್ನು ಭೂಮಿಗೂ ಜೋಡಿಸಿದಂದಿನಿಂದ ಆ ಕೊರತೆಯನ್ನು ತುಂಬುವ ಕೆಲಸ ನೆಲದ ಪಾಲಿಗೆ ಬಂದಿದೆ. ನೆಲ ತಾಮ್ರದ ಹಾಳೆಯಾಗಿದ್ದರೆ ನನಗೆ ಈ ಉಪನ್ಯಾಸದ ಕೆಲಸವೇ ಇರುತ್ತಿರಲಿಲ್ಲ. ಅದು ಮಣ್ಣು, ಮಣ್ಣು ಕಳಪೆ ವಾಹಕ.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಬೇರೂರಿದೆ. ಪ್ರವಾಹವು ಆಂಟೆನಾದ ಬುಡದಿಂದ ಭೂಮಿಯ ಆಳಕ್ಕೆ ಇಳಿದುಹೋಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ನಡೆಯುವುದು ಬೇರೆ. ಕೊಳವೆಯ ಉದ್ದಕ್ಕೂ ಇರುವ ವಿದ್ಯುತ್ ಕ್ಷೇತ್ರದ ರೇಖೆಗಳು ಗಾಳಿಯಲ್ಲಿ ಬಾಗಿ ಸುತ್ತಮುತ್ತಲ ನೆಲವನ್ನು ಮುಟ್ಟುತ್ತವೆ. ಹಾಗೆ ಮುಟ್ಟಿದ ಕಡೆಯಿಂದೆಲ್ಲ ಪ್ರವಾಹವು ಮೇಲ್ಮೈಗೆ ಹತ್ತಿರದ ಮಣ್ಣಿನ ಪದರದಲ್ಲೇ ಹರಿದು ಬುಡದ ಕಡೆಗೆ ಬರುತ್ತದೆ. ಸಾಧಾರಣ ಮಣ್ಣಿನಲ್ಲಿ 7 ಮೆಗಾಹರ್ಟ್ಸ್‌ನ ಪ್ರವಾಹ ಇಳಿಯುವ ಆಳ ಕೆಲವೇ ಮೀಟರುಗಳು, ಆದರೆ ಅಡ್ಡಲಾಗಿ ಅದು ಹರಡಿಕೊಂಡಿರುವುದು ಕಾಲು ತರಂಗಾಂತರಕ್ಕಿಂತ ಹೆಚ್ಚು ದೂರಕ್ಕೆ. ಬುಡವನ್ನು ಸಮೀಪಿಸಿದಂತೆ ಪ್ರವಾಹ ಒತ್ತೊತ್ತಾಗುವುದರಿಂದ ಅಲ್ಲಿ ಮಣ್ಣು ಅದನ್ನು ಹೆಚ್ಚು ತಿನ್ನುತ್ತದೆ. ಸುತ್ತಲಿನ ದಿಬ್ಬಗಳ ಮೇಲೆ ಬಿದ್ದ ಮಳೆನೀರು ಕೆರೆ ಸೇರುವ ಮುನ್ನ ಮರಳಿನಲ್ಲೇ ಇಂಗಿಹೋಗದಂತೆ ನಮ್ಮ ಹಿರಿಯರು ಕಾಲುವೆ ತೋಡುತ್ತಿದ್ದರಲ್ಲ, ರೇಡಿಯಲ್‌ಗಳ ಕೆಲಸವೂ ಅದೇ: ನೆಲಕ್ಕೆ ಬಿದ್ದ ಪ್ರವಾಹವನ್ನು ಮಣ್ಣು ನುಂಗುವ ಮೊದಲೇ ಹಿಡಿದು ಬುಡಕ್ಕೆ ತಲುಪಿಸುವುದು.

ಈ ನಷ್ಟವನ್ನು ಲೆಕ್ಕಕ್ಕೆ ತರುವುದು ಹೇಗೆ? ಆಂಟೆನಾದ ಬುಡದಲ್ಲಿ ನಿಮ್ಮ ಉಪಕರಣ ಅಳೆಯುವ ರೋಧವು ಎರಡು ಭಾಗಗಳ ಮೊತ್ತ. ಮೊದಲನೆಯದು ವಿಕಿರಣ ರೋಧ. ಈ ಭಾಗದಲ್ಲಿ ವ್ಯಯವಾಗುವ ಶಕ್ತಿ ಅಲೆಯಾಗಿ ಹೊರಡುತ್ತದೆ. ಪರಿಪೂರ್ಣ ನೆಲದ ಮೇಲಿನ ಕಾಲು ತರಂಗಾಂತರದ ತೆಳುವಾದ ಕಂಬಕ್ಕೆ ಇದು ಸುಮಾರು 36 ಓಮ್, ಅಂದರೆ ಡೈಪೋಲಿನ 73 ಓಮ್‌ನ ಅರ್ಧ. ಎರಡನೆಯದು ನಷ್ಟ ರೋಧ. ಇದರಲ್ಲಿ ವ್ಯಯವಾಗುವ ಶಕ್ತಿ ಎರೆಹುಳುಗಳನ್ನು ಬೆಚ್ಚಗಿಡುತ್ತದೆ. ವಿಕಿರಣ ರೋಧವನ್ನು ಒಟ್ಟು ರೋಧದಿಂದ ಭಾಗಿಸಿದರೆ ದಕ್ಷತೆ ಸಿಗುತ್ತದೆ. ಕೊಳವೆಯ ಸ್ವಂತ ರೋಧ ಇಲ್ಲಿ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು.

ಇನ್ನು ಮುಂದಿನ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ನಾಲ್ಕು ರೇಡಿಯಲ್ ಹಾಕಿ ಅನುರಣನದ (ರೆಸೊನೆನ್ಸ್) ಆವರ್ತನದಲ್ಲಿ ಅಳೆದಾಗ 60 ಓಮ್ ಬಂದಿತು ಎನ್ನಿ. ಅದರಲ್ಲಿ 36 ವಿಕಿರಣದ್ದು, 24 ಮಣ್ಣಿನದ್ದು. ದಕ್ಷತೆ ನೂರಕ್ಕೆ 60. ಕೇಬಲ್ಲು 50 ಓಮ್‌ನದ್ದಾದ್ದರಿಂದ ಎಸ್‌ಡಬ್ಲ್ಯುಆರ್, ಅಂದರೆ ಕೇಬಲ್ಲಿಗೂ ಆಂಟೆನಾಕ್ಕೂ ಎಷ್ಟು ಹೊಂದಾಣಿಕೆ ಇದೆ ಎಂಬ ಅಳತೆ (1 ಎಂದರೆ ಪೂರ್ತಿ ಹೊಂದಾಣಿಕೆ), 1.2. ಎಂಟು ರೇಡಿಯಲ್ ಮಾಡಿದಾಗ 50 ಓಮ್ ಬಂದಿತು. ದಕ್ಷತೆ 72, ಎಸ್‌ಡಬ್ಲ್ಯುಆರ್ ನಿಖರವಾಗಿ 1. ಮರಳಿ ಬರುವ ಶಕ್ತಿಯನ್ನು ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಒರಗಿದ್ದನ್ನು ಕಂಡು ಇಲ್ಲಿಗೆ ಕೈತೊಳೆದುಕೊಳ್ಳುವವರೇ ಬಹಳ. ಹದಿನಾರು ಹಾಕಿದರೆ 44 ಓಮ್. ದಕ್ಷತೆ 82ಕ್ಕೆ ಏರಿತು, ಎಸ್‌ಡಬ್ಲ್ಯುಆರ್ ಮಾತ್ರ 1.14ಕ್ಕೆ ಕೆಟ್ಟಿತು. ಮೂವತ್ತೆರಡಕ್ಕೆ 40 ಓಮ್. ದಕ್ಷತೆ 90, ಎಸ್‌ಡಬ್ಲ್ಯುಆರ್ 1.25. ಆಂಟೆನಾ ಸುಧಾರಿಸುತ್ತ ಹೋದಂತೆ ನೀವು ನಂಬಿಕೊಂಡ ಮೀಟರ್ ಅದು ಹದಗೆಡುತ್ತಿದೆ ಎಂದು ಹೇಳುತ್ತದೆ. ಕಾಲು ತರಂಗಾಂತರದ ಲಂಬ ಆಂಟೆನಾ ನೆಲದ ಮೇಲೆ ಯಾವ ಹೊಂದಾಣಿಕೆಯ ಸಾಧನವೂ ಇಲ್ಲದೆ 50 ಓಮ್‌ಗೆ ಸರಿಯಾಗಿ ಕೂತಿದೆ ಎಂದು ಯಾರಾದರೂ ಹೆಮ್ಮೆಪಟ್ಟರೆ, ಆ ಹೆಮ್ಮೆಯಲ್ಲಿ ಹದಿನಾಲ್ಕು ಓಮ್ ಮಣ್ಣಿನ ಪಾಲು ಎಂದು ಧಾರಾಳವಾಗಿ ಊಹಿಸಬಹುದು. ಏನನ್ನೂ ಪ್ರಸರಿಸದ ಬರೀ ರೋಧಕವಾದ ಡಮ್ಮಿ ಲೋಡಿನ ಎಸ್‌ಡಬ್ಲ್ಯುಆರ್ ಕೂಡ 1 ಇರುತ್ತದೆ ಎಂಬುದನ್ನು ಮರೆಯಬಾರದು.

ಹೀಗಾಗಿ ಎಸ್‌ಡಬ್ಲ್ಯುಆರ್ ಮೀಟರಿಗಿಂತ ರೋಧ ಮತ್ತು ಪ್ರತಿಘಾತವನ್ನು (ರಿಯಾಕ್ಟನ್ಸ್, ಅನುರಣನದಲ್ಲಿ ಸೊನ್ನೆಯಾಗುವ ಭಾಗ) ಬೇರೆ ಬೇರೆಯಾಗಿ ತೋರಿಸುವ ಆಂಟೆನಾ ಅನಲೈಸರ್ ಇಲ್ಲಿ ಉಪಯುಕ್ತ. ನ್ಯಾನೋವಿಎನ್ಎ ಎಂಬ ಅಂಗೈಯಗಲದ ಉಪಕರಣ ಇಂದು ಅನೇಕರ ಬಳಿ ಇದೆ. ಒಂದು ಕಾಲಕ್ಕೆ ಪ್ರಯೋಗಾಲಯಗಳಲ್ಲಷ್ಟೇ ಇದ್ದ ಸೌಲಭ್ಯ ಹವ್ಯಾಸಿಯ ಕೈಗೆ ಬಂದಿರುವುದು ನಮ್ಮ ಕಾಲದ ಭಾಗ್ಯ. ರೇಡಿಯಲ್‌ಗಳನ್ನು ನಾಲ್ಕು ನಾಲ್ಕಾಗಿ ಸೇರಿಸುತ್ತ, ಪ್ರತಿ ಸಲವೂ ಪ್ರತಿಘಾತ ಸೊನ್ನೆಯಾಗುವ ಆವರ್ತನವನ್ನು ಹುಡುಕಿ, ಅಲ್ಲಿನ ರೋಧವನ್ನು ಬರೆದಿಡಿ. ರೇಡಿಯಲ್ ಹೆಚ್ಚಾದಂತೆ ಅನುರಣನದ ಆವರ್ತನವೂ ತುಸು ಜರುಗುತ್ತದೆ, ಅದಕ್ಕೆ ಗಾಬರಿ ಬೇಡ. ರೋಧದ ಇಳಿಕೆ ನಿಧಾನವಾಗಿ, ಇನ್ನು ನಾಲ್ಕು ಸೇರಿಸಿದರೂ ಒಂದು ಓಮ್ ಕೂಡ ಇಳಿಯದ ಹಂತ ಬಂದಾಗ ನಿಲ್ಲಿಸಬಹುದು. ನಿಜವಾದ ನೆಲದ ಮೇಲೆ ವಿಕಿರಣ ರೋಧ 36 ಓಮ್‌ಗೆ ಅಕ್ಷರಶಃ ಸಮನಾಗಿರುವುದಿಲ್ಲವಾದ್ದರಿಂದ ನಿಮ್ಮ ಲೆಕ್ಕದ ಶೇಕಡಾವಾರು ಒಂದು ಅಂದಾಜು ಮಾತ್ರ; ಇಳಿಕೆಯ ಜಾಡು ಮಾತ್ರ ನಂಬಲರ್ಹ.

ಅರ್ಥಿಂಗ್ ವಿಷಯವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ನಮ್ಮ ಕಡೆ ಮನೆಯ ವಿದ್ಯುತ್ ಸಂಪರ್ಕಕ್ಕೆ ಗುಂಡಿ ತೋಡಿ, ಕೊಳವೆ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ತುಂಬಿ, ಬೇಸಿಗೆಯಲ್ಲಿ ನೀರು ಹಾಕುವ ಪದ್ಧತಿ ಇದೆ. 50 ಹರ್ಟ್ಸ್‌ನ ಸೋರಿಕೆ ಪ್ರವಾಹವನ್ನು ನೆಲಕ್ಕೆ ದಾಟಿಸಿ ಜೀವ ಕಾಪಾಡಲು ಅದು ಸರಿಯಾದ ವ್ಯವಸ್ಥೆ, ಸಿಡಿಲಿನ ರಕ್ಷಣೆಗೂ ಅರ್ಥಿಂಗ್ ಬೇಕೇ ಬೇಕು. ಆದರೆ ಆಂಟೆನಾದ ಪ್ರವಾಹ ಹತ್ತಾರು ಮೀಟರ್ ಅಗಲದ ವೃತ್ತದಿಂದ ಬರುತ್ತಿರುವಾಗ ಆ ವೃತ್ತದ ನಡುವಿನ ಒಂದೇ ಗುಂಡಿಯನ್ನು ಎಷ್ಟು ಉಪ್ಪಾಗಿಸಿದರೂ ದಾರಿಯುದ್ದಕ್ಕೂ ಆಗುವ ನಷ್ಟ ತಪ್ಪುವುದಿಲ್ಲ. ಎರಡೂ ಇರಲಿ, ಎರಡನ್ನೂ ಒಂದಕ್ಕೊಂದು ಜೋಡಿಸಿರಲಿ. ಒಂದರ ಕೆಲಸವನ್ನು ಇನ್ನೊಂದು ಮಾಡುತ್ತದೆ ಎಂಬ ನಿರೀಕ್ಷೆ ಮಾತ್ರ ಬೇಡ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗುಮಳೆಯ ಸಂಜೆಗಳಲ್ಲಿ ಕೇಬಲ್ಲನ್ನು ಟ್ರಾನ್ಸೀವರ್‌ನಿಂದ ಕಳಚಿ ಮನೆಯ ಹೊರಗಿಡುವುದು ಇವೆರಡಕ್ಕಿಂತಲೂ ಮುಖ್ಯ.

ಈಗ ಎಷ್ಟು ರೇಡಿಯಲ್ ಎಂಬ ಪ್ರಶ್ನೆ. ಇದಕ್ಕೆ ಮೊದಲ ವ್ಯವಸ್ಥಿತ ಉತ್ತರ ಬಂದಿದ್ದು 1937ರಲ್ಲಿ. ಆರ್‌ಸಿಎ ಕಂಪನಿಯ ಜಾರ್ಜ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳಾದ ಲೂಯಿಸ್ ಹಾಗೂ ಎಪ್‌ಸ್ಟೈನ್ 3 ಮೆಗಾಹರ್ಟ್ಸ್‌ನಲ್ಲಿ ಪ್ರಯೋಗ ನಡೆಸಿ, ತಂತಿಗಳನ್ನು ಮಣ್ಣಿನಲ್ಲಿ ಹೂತು, ಎರಡರಿಂದ 113ರವರೆಗೆ ಅವುಗಳ ಸಂಖ್ಯೆಯನ್ನೂ ಜೊತೆಗೆ ಉದ್ದವನ್ನೂ ಬದಲಿಸುತ್ತ ಕ್ಷೇತ್ರದ ಬಲವನ್ನು ಅಳೆದರು. ತಂತಿಗಳು ಕಡಿಮೆಯಿದ್ದಾಗ ಅವುಗಳ ಉದ್ದ ಹೆಚ್ಚಿಸಿದರೂ ಹೇಳಿಕೊಳ್ಳುವಂತಹ ಲಾಭವಿಲ್ಲ, ತಂತಿಗಳು ಬಹಳ ಇದ್ದಾಗ ಮಾತ್ರ ಉದ್ದದ ಲಾಭ ಪೂರ್ತಿಯಾಗಿ ದಕ್ಕುತ್ತದೆ ಎಂಬುದು ಅವರ ಅಳತೆಗಳಿಂದ ಹೊರಟ ಮುಖ್ಯ ಸಂಗತಿ. 113 ಉದ್ದನೆಯ ತಂತಿಗಳಿದ್ದಾಗ ಅಳೆದ ಬಲ ಪರಿಪೂರ್ಣ ನೆಲದ ಲೆಕ್ಕಾಚಾರಕ್ಕೆ ಬಹಳ ಹತ್ತಿರ ಬಂದಿತ್ತು. ಮೀಡಿಯಂ ವೇವ್ ಪ್ರಸಾರ ಕೇಂದ್ರಗಳಿಗೆ 120 ರೇಡಿಯಲ್‌ಗಳು ಎಂಬ ಅಮೆರಿಕದ ರೂಢಿಯ ಹಿಂದೆ ಇದೇ ಕೆಲಸವಿದೆ. ನಮ್ಮ ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 490 ಮೀಟರ್. ಅದರ ಕಾಲು ಭಾಗ 122 ಮೀಟರ್. ಅಂತಹ ತರಂಗಕ್ಕೆ ಆ ರೂಢಿಯಂತೆ 120 ತಂತಿಗಳನ್ನು ಹೂಳಲು ಸುಮಾರು ಹದಿನಾಲ್ಕೂವರೆ ಕಿಲೋಮೀಟರ್ ತಾಮ್ರ ಬೇಕು. ಪ್ರಸಾರ ಕೇಂದ್ರಗಳ ಸುತ್ತ ಅಷ್ಟು ವಿಶಾಲವಾದ ಖಾಲಿ ಜಾಗ ಏಕಿರುತ್ತದೆ ಎಂದು ಯೋಚಿಸಿದವರಿಗೆ ಇದು ಅರ್ಧ ಉತ್ತರ.

ಬ್ರೌನ್ ಅವರ ಹೆಸರಿನ ಜೊತೆ ಹ್ಯಾಮ್‌ಗಳ ನಡುವೆ ಇನ್ನೊಂದು ಕಥೆ ಓಡಾಡುತ್ತದೆ. ನಾವು ವಿಎಚ್‌ಎಫ್‌ನಲ್ಲಿ (ಅತ್ಯುಚ್ಚ ಆವರ್ತನಗಳಲ್ಲಿ) ಬಳಸುವ, ಬುಡದಲ್ಲಿ ನಾಲ್ಕು ಕಡ್ಡಿಗಳಿರುವ ಗ್ರೌಂಡ್ ಪ್ಲೇನ್ ಆಂಟೆನಾ ಅವರ ಕೊಡುಗೆ. ವಾಸ್ತವದಲ್ಲಿ ಎದುರುಬದುರಾಗಿ ಎರಡು ಕಡ್ಡಿಗಳಿದ್ದರೂ ಅದು ಎಲ್ಲ ದಿಕ್ಕಿಗೂ ಸಮನಾಗಿ ಪ್ರಸರಿಸುತ್ತದೆ, ಆದರೆ ಕೊಳ್ಳುವವರು ನಂಬುವುದಿಲ್ಲ ಎಂಬ ಕಾರಣಕ್ಕೆ ನಾಲ್ಕು ಮಾಡಲಾಯಿತು ಎನ್ನುತ್ತಾರೆ. ಕಥೆ ಹೇಗೇ ಇರಲಿ, ಅದರೊಳಗಿನ ಭೌತವಿಜ್ಞಾನ ಸರಿಯಾಗಿದೆ, ಸ್ವಲ್ಪ ಹೊತ್ತಿನಲ್ಲಿ ನಮಗೆ ಬೇಕಾಗುತ್ತದೆ.

ಪ್ರಸಾರ ಕೇಂದ್ರದ ಬಜೆಟ್ಟು ನಮಗಿಲ್ಲ, ಜಾಗವೂ ಇಲ್ಲ. ಹವ್ಯಾಸಿಯ ಪ್ರಮಾಣದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡವರು ಅಮೆರಿಕದ ಆರಿಗನ್ ರಾಜ್ಯದ ರೂಡಿ ಸೆವರ್ನ್ಸ್ (ಅವರ ಹ್ಯಾಮ್ ಕರೆಸಂಕೇತ ಎನ್6ಎಲ್ಎಫ್). 2009ರ ಸುಮಾರಿಗೆ ಪ್ರಕಟವಾದ ಅವರ ಲೇಖನಮಾಲೆಯಲ್ಲಿ 7 ಮೆಗಾಹರ್ಟ್ಸ್ ಆಸುಪಾಸಿನ ಎಚ್ಚರಿಕೆಯ ಅಳತೆಗಳಿವೆ. ನೆಲದ ಮೇಲೆ ಹರಡಿದ ತಂತಿಗಳ ಸಂಖ್ಯೆ ನಾಲ್ಕರಿಂದ ಹದಿನಾರಕ್ಕೆ ಹೋಗುವಾಗ ಸಿಗುವ ಲಾಭ ಕಣ್ಣಿಗೆ ಹೊಡೆಯುವಂತಿದ್ದು, ಮೂವತ್ತೆರಡನ್ನು ದಾಟಿದ ಮೇಲೆ ಅದು ಡೆಸಿಬೆಲ್ಲಿನ ಸಣ್ಣ ಭಿನ್ನರಾಶಿಗೆ ಇಳಿಯುತ್ತದೆ. ಅವರು ತೋರಿಸಿದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಕುತೂಹಲಕರವಾಗಿ ಕಾಣುತ್ತದೆ. ನೆಲದ ಮೇಲೆ ನಾಲ್ಕೇ ನಾಲ್ಕು ಕಾಲು ತರಂಗಾಂತರದ ತಂತಿಗಳಿದ್ದಾಗ, ಅವುಗಳನ್ನು ಕತ್ತರಿಸಿ ಗಿಡ್ಡ ಮಾಡಿದರೆ ಸಂಕೇತ ಕುಗ್ಗುವ ಬದಲು ಹಿಗ್ಗಿತು. ಮಣ್ಣಿಗೆ ತಾಗಿರುವ ತಂತಿಯಲ್ಲಿ ಅಲೆಯ ವೇಗ ಕಡಿಮೆಯಾಗುವುದರಿಂದ, ಗಾಳಿಯ ಲೆಕ್ಕದಲ್ಲಿ ಕಾಲು ತರಂಗಾಂತರವಾಗಿರುವ ತಂತಿ ಮಣ್ಣಿನ ಮೇಲೆ ವಿದ್ಯುತ್ ದೃಷ್ಟಿಯಿಂದ ಅದಕ್ಕಿಂತ ಬಹಳ ಉದ್ದವಾಗಿಬಿಡುತ್ತದೆ. ಪ್ರವಾಹದ ಗರಿಷ್ಠ ಬಿಂದು ಬುಡದಿಂದ ದೂರ ಸರಿದು, ಸುತ್ತಲಿನ ಮಣ್ಣಿನಲ್ಲಿ ನಷ್ಟ ಹೆಚ್ಚುತ್ತದೆ. ತಂತಿಗಳ ಸಂಖ್ಯೆ ಹೆಚ್ಚಿದಂತೆ ಈ ಚಮತ್ಕಾರ ಮಾಯವಾಗುತ್ತದೆ.

ಇದರಿಂದ ನಾವು ತೆಗೆದುಕೊಳ್ಳಬೇಕಾದ ವ್ಯಾವಹಾರಿಕ ನಿರ್ಣಯ ಸರಳವಾಗಿದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮನೆ ವೈರಿಂಗ್ ತಂತಿಯ ಒಂದು ಸುರುಳಿ 90 ಮೀಟರ್ ಇರುತ್ತದೆ. 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್‌ಗೆ, ಅದನ್ನು ಹತ್ತತ್ತು ಮೀಟರಿನ ಒಂಬತ್ತು ತುಂಡು ಮಾಡಬಹುದು, ಐದೈದು ಮೀಟರಿನ ಹದಿನೆಂಟು ತುಂಡೂ ಮಾಡಬಹುದು. ನಾನಾದರೆ ಹದಿನೆಂಟು ಮಾಡುತ್ತೇನೆ. ಐದು ಮೀಟರ್ ತ್ರಿಜ್ಯದ ವೃತ್ತದಲ್ಲಿ ಹದಿನೆಂಟು ತಂತಿಗಳ ತುದಿಗಳು ಒಂದಕ್ಕೊಂದು ಒಂದೂಮುಕ್ಕಾಲು ಮೀಟರ್ ದೂರದಲ್ಲಿರುತ್ತವೆ. ಪ್ರವಾಹ ಅತಿ ದಟ್ಟವಾಗಿರುವ ಬುಡದ ಸಮೀಪ ಮಣ್ಣಿಗೆ ಅದನ್ನು ಕದಿಯಲು ಎಡೆಯೇ ಸಿಗುವುದಿಲ್ಲ. ಎರಡನೆಯ ಸುರುಳಿ ಕೊಳ್ಳಲು ಕೈ ಬಂದಾಗ ನಡುನಡುವೆ ಉದ್ದದ ತಂತಿಗಳನ್ನು ಸೇರಿಸಿ. ನೆಲದ ಮೇಲಿನ ರೇಡಿಯಲ್‌ಗಳನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಕತ್ತರಿಸುವ ಶ್ರಮ ಖಂಡಿತ ಬೇಡ, ಮಣ್ಣು ಅವುಗಳ ಅನುರಣನವನ್ನು ಹೇಗೂ ಅಳಿಸಿಹಾಕುತ್ತದೆ. ಒಂದು ಕಡೆ ಕಾಂಪೌಂಡ್ ಗೋಡೆ ಅಡ್ಡ ಬಂದರೆ ತಂತಿಯನ್ನು ಗೋಡೆಯ ಬುಡಕ್ಕೆ ಬಾಗಿಸಿ ಮುಂದುವರಿಸಿ. ವೃತ್ತ ಸೊಟ್ಟಗಾಯಿತೆಂದು ಆಂಟೆನಾ ಮುನಿಸಿಕೊಳ್ಳುವುದಿಲ್ಲ.

ಗಿಡ್ಡ ಆಂಟೆನಾಗಳ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ನಿರ್ದಯವಾಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಪೂರ್ಣ ಕಾಲು ತರಂಗಾಂತರ ಎಂದರೆ ಸುಮಾರು ಹತ್ತು ಮೀಟರ್. ಅಷ್ಟೆತ್ತರ ಆಗುವುದಿಲ್ಲವೆಂದು ಐದು ಮೀಟರಿನ ಕೊಳವೆ ನಿಲ್ಲಿಸಿ ಬುಡದಲ್ಲಿ ಉದ್ದದ ಕೊರತೆಯನ್ನು ತುಂಬುವ ತಂತಿಸುರುಳಿಯನ್ನು, ಅಂದರೆ ಲೋಡಿಂಗ್ ಕಾಯಿಲ್ ಹಾಕಿದರೆ ಅನುರಣನವೇನೋ ಸಿಗುತ್ತದೆ, ಆದರೆ ವಿಕಿರಣ ರೋಧ ಎತ್ತರದ ಹೆಚ್ಚುಕಡಿಮೆ ವರ್ಗದ ಪ್ರಮಾಣದಲ್ಲಿ ಕುಸಿದು ಐದಾರು ಓಮ್‌ಗೆ ಬರುತ್ತದೆ. ನೆಲದ ನಷ್ಟ 14 ಓಮ್ ಇದ್ದಾಗ ಪೂರ್ಣ ಎತ್ತರದ ಆಂಟೆನಾ ನೂರು ವಾಟ್‌ನಲ್ಲಿ 72 ವಾಟ್ ಹೊರಗೆ ಕಳಿಸುತ್ತಿತ್ತು. ಅದೇ ನೆಲದಲ್ಲಿ ಈ ಗಿಡ್ಡನೆಯದು ಕಾಯಿಲ್‌ನ ನಷ್ಟ ಬಿಟ್ಟೂ 30 ವಾಟ್ ಮುಟ್ಟುವುದಿಲ್ಲ. ವಾಹನಕ್ಕೆ ಕಟ್ಟುವ ಎರಡೂವರೆ ಮೀಟರಿನ ಕಡ್ಡಿ ಆಂಟೆನಾದ, ಅಂದರೆ ಮೊಬೈಲ್ ವ್ಹಿಪ್‌ನ ವಿಕಿರಣ ರೋಧ ಇನ್ನೂ ಕೆಳಗೆ, ಒಂದೂವರೆ ಓಮ್ ಆಸುಪಾಸಿನಲ್ಲಿರುತ್ತದೆ. ಹತ್ತು ವಾಟ್ ಹೊರಟರೆ ಪುಣ್ಯ. ಆಂಟೆನಾ ಗಿಡ್ಡವಾದಷ್ಟೂ ರೇಡಿಯಲ್ ಹೆಚ್ಚಬೇಕು ಎಂಬುದು ಇದರ ಅರ್ಥ. ಜನ ಮಾಡುವುದು ಇದಕ್ಕೆ ಉಲ್ಟಾ: ಪುಟ್ಟ ಆಂಟೆನಾಕ್ಕೆ ಪುಟ್ಟ ನೆಲ ಸಾಕು ಎಂದುಕೊಳ್ಳುತ್ತಾರೆ. ಬ್ರೌನ್ ಅವರ ಪ್ರಯೋಗದಲ್ಲೇ ನೆಲದ ವ್ಯವಸ್ಥೆ ಅತ್ಯುತ್ತಮವಾಗಿದ್ದಾಗ ಗಿಡ್ಡ ಕಂಬವೂ ಕಾಲು ತರಂಗಾಂತರದ ಕಂಬಕ್ಕೆ ಸಮೀಪದ ಕ್ಷೇತ್ರ ಬಲ ಕೊಟ್ಟಿತ್ತು. ಎತ್ತರಕ್ಕೆ ಅಡ್ಡಿಯಿರುವವರು ಕಾಯಿಲ್‌ಗಿಂತ ಮೊದಲು ತುದಿಯಲ್ಲಿ ಛತ್ರಿಯ ಕಡ್ಡಿಗಳಂತೆ ತಂತಿಗಳನ್ನು ಅಡ್ಡಲಾಗಿ ಹರಡುವ ಟಾಪ್ ಹ್ಯಾಟ್ ಬಗ್ಗೆ ಯೋಚಿಸಬೇಕು, ಅಥವಾ ತಂತಿಯನ್ನು ಸಾಧ್ಯವಾದಷ್ಟು ಮೇಲಕ್ಕೆ ಒಯ್ದು ಉಳಿದದ್ದನ್ನು ಅಡ್ಡ ಎಳೆದು ತಲೆಕೆಳಗಾದ ಎಲ್ ಆಕಾರ ಮಾಡಬೇಕು. ಕೊಳವೆಯುದ್ದಕ್ಕೂ ಪ್ರವಾಹ ಸಮನಾಗಿ ಹರಡಿ ವಿಕಿರಣ ರೋಧ ಹಲವು ಪಟ್ಟು ಏರುತ್ತದೆ. ತೆಂಗಿನ ತೋಟವಿರುವವರಿಗೆ 80 ಮೀಟರ್ ಬ್ಯಾಂಡಿಗೆ ಇದು ಹೇಳಿಮಾಡಿಸಿದ ಉಪಾಯ, ಆದರೆ ತಂತಿಯನ್ನು ಹಸಿ ಕಾಂಡಕ್ಕೆ ಸುತ್ತದೆ ಒಂದೆರಡು ಅಡಿ ದೂರದಲ್ಲಿ ತೂಗುಬಿಡಿ.

ರೇಡಿಯಲ್ ಬೇಡದ ಲಂಬ ಆಂಟೆನಾ ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಹಲವು ಅರ್ಧ ತರಂಗಾಂತರದವು. ತುದಿಯಿಂದ ಶಕ್ತಿ ಕೊಟ್ಟಾಗ ಅಲ್ಲಿ ರೋಧ ಸಾವಿರಾರು ಓಮ್, ಪ್ರವಾಹ ಅತ್ಯಲ್ಪ. ಆದ್ದರಿಂದ ಬುಡದಲ್ಲಿ ಮರಳುವ ಪ್ರವಾಹಕ್ಕೆ ಅತಿ ಚಿಕ್ಕ ವ್ಯವಸ್ಥೆ ಸಾಕಾಗುತ್ತದೆ. ಆ ಮಟ್ಟಿಗೆ ಹೇಳಿಕೆ ಪ್ರಾಮಾಣಿಕ. ಆದರೆ ಉದ್ದ ಎರಡು ಪಟ್ಟಾಗುತ್ತದೆ, ಹೊಂದಾಣಿಕೆಗೆ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಉದ್ದವೂ ಗಿಡ್ಡ, ರೇಡಿಯಲ್ಲೂ ಬೇಡ ಎನ್ನುವವರ ಆಂಟೆನಾದಲ್ಲಿ ಕೋಆಕ್ಸ್ ಕೇಬಲ್ಲಿನ ಹೊರಮೈಯೇ ಗುಟ್ಟಾಗಿ ರೇಡಿಯಲ್ ಆಗಿರುತ್ತದೆ, ಮೈಕ್ ಮುಟ್ಟಿದಾಗ ತುಟಿಗೆ ಚುರುಕು ತಗಲುವುದು ಅದರ ಸಾಕ್ಷಿ.

ರೇಡಿಯಲ್‌ಗಳು ಸರಿಪಡಿಸಲಾಗದ ಇನ್ನೊಂದು ನಷ್ಟವಿದೆ. ಪರಿಪೂರ್ಣ ನೆಲದ ಮೇಲೆ ಕಾಲು ತರಂಗಾಂತರದ ಆಂಟೆನಾದ ಲಾಭ (ಗೇನ್) 5 ಡಿಬಿಐ, ಅಂದರೆ ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಕಾಲ್ಪನಿಕ ಆಂಟೆನಾಕ್ಕಿಂತ 5 ಡೆಸಿಬೆಲ್, ಮೀರುತ್ತದೆ, ಗರಿಷ್ಠ ವಿಕಿರಣ ದಿಗಂತದ ಕಡೆಗೇ ಇರುತ್ತದೆ. ಸಾಧಾರಣ ಮಣ್ಣಿನ ಮೇಲೆ ನೀವು 120 ರೇಡಿಯಲ್ ಹಾಕಿದರೂ ಲಾಭ ಸೊನ್ನೆ ಡಿಬಿಐ ಆಸುಪಾಸಿಗೆ ಇಳಿದು, ಗರಿಷ್ಠ ವಿಕಿರಣದ ಕೋನ 25 ಡಿಗ್ರಿಯ ಸುತ್ತಮುತ್ತ ಬಂದು ನಿಲ್ಲುತ್ತದೆ. ಕಡಿಮೆ ಕೋನದಲ್ಲಿ ಹೊರಟ ಅಲೆಯ ಜೊತೆ, ಎಷ್ಟೋ ತರಂಗಾಂತರಗಳಷ್ಟು ದೂರದ ನೆಲದಿಂದ ಪ್ರತಿಫಲಿಸಿದ ಅಲೆ ಬಂದು ಸೇರಿದಾಗಲೇ ಕೊನೆಯ ರೂಪ ಸಿಗುವುದು, ಆ ದೂರದ ನೆಲ ನಿಮ್ಮ ಬೇಲಿಯಾಚೆ ಇರುತ್ತದೆ. ಅಲ್ಲಿನ ಮಣ್ಣಿನ ವಾಹಕತೆ ನಿಮ್ಮ ಕೈಯಲ್ಲಿಲ್ಲ. ಸಾಧಾರಣ ಮಣ್ಣಿನದ್ದು ಮೀಟರಿಗೆ 0.005 ಸೀಮನ್ಸ್ ಎಂದು ಹಿಡಿಯುವ ವಾಡಿಕೆಯಿದೆ, ಕಲ್ಲುನೆಲದ್ದು ಅದಕ್ಕೂ ಕಡಿಮೆ. ಸಮುದ್ರದ ನೀರಿನದ್ದು ಸುಮಾರು 5, ಅಂದರೆ ಸಾವಿರ ಪಟ್ಟು. ಕೋಲಾರ, ಬೆಂಗಳೂರು ಕಡೆಯ ಬಂಡೆಗಲ್ಲಿನ ಮೇಲಿನ ತೆಳು ಮಣ್ಣಿಗಿಂತ ವಿಜಯಪುರ, ಗದಗದ ಎರೆಭೂಮಿ, ಅದರಲ್ಲೂ ಮಳೆಗಾಲದ ಹಸಿ ಎರೆಭೂಮಿ, ಮೇಲು. ಆದರೆ ಕಾರವಾರದಿಂದ ಉಳ್ಳಾಲದವರೆಗೆ ಅಲೆಯಂಚಿನಲ್ಲಿ ಲಂಬ ಆಂಟೆನಾ ನಿಲ್ಲಿಸುವ ಅವಕಾಶ ಇರುವವರ ಮುಂದೆ ಒಳನಾಡಿನ ನಾವೆಲ್ಲ ಹೊಟ್ಟೆಕಿಚ್ಚು ಪಡಬೇಕಷ್ಟೆ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಅರಬ್ಬೀ ಸಮುದ್ರವೇ ಪ್ರತಿಫಲನದ ಹಾಳೆ. ಹತ್ತು ಡಿಗ್ರಿಗಿಂತ ಕೆಳಗಿನ ಕೋನದಲ್ಲೂ ಅಲೆ ಬಲವಾಗಿ ಹೊರಡುತ್ತದೆ.

ಹಾಗಾದರೆ ಎಲ್ಲರೂ ಲಂಬ ಆಂಟೆನಾ ಹಾಕಬೇಕೇ? ನಿಮಗೆ ಯಾರ ಜೊತೆ ಮಾತನಾಡಬೇಕಿದೆ ಎಂಬುದರ ಮೇಲೆ ಅದು ನಿಂತಿದೆ. 25 ಡಿಗ್ರಿ ಕೋನದಲ್ಲಿ ಹೊರಟು 300 ಕಿಲೋಮೀಟರ್ ಎತ್ತರದ ಅಯಾನುಗೋಳದಿಂದ ಮರಳಿದ ಅಲೆ ಇಳಿಯುವುದು ಸುಮಾರು 1,100 ಕಿಲೋಮೀಟರ್ ದೂರದಲ್ಲಿ. 10 ಡಿಗ್ರಿಯದ್ದು 2,200 ಕಿಲೋಮೀಟರ್ ದೂರದಲ್ಲಿ. ಬೆಂಗಳೂರಿನಿಂದ ಮಂಗಳೂರಿಗೆ ನೇರ ದೂರ 300 ಕಿಲೋಮೀಟರ್ ಆಸುಪಾಸು. ಅಲ್ಲಿಗೆ ತಲುಪಲು ಅಲೆ 60 ಡಿಗ್ರಿಗಿಂತ ಕಡಿದಾಗಿ ಮೇಲೇರಬೇಕು, ಆ ಕೋನದಲ್ಲಿ ಲಂಬ ಆಂಟೆನಾ, ಪರಿಪೂರ್ಣ ನೆಲದ ಲೆಕ್ಕದಲ್ಲೇ, ತನ್ನ ಗರಿಷ್ಠಕ್ಕಿಂತ ಸುಮಾರು 8 ಡೆಸಿಬೆಲ್ ಹಿಂದಿರುತ್ತದೆ. ಬೆಳಗಿನ 40 ಮೀಟರ್ ನೆಟ್‌ನಲ್ಲಿ (ಹ್ಯಾಮ್‌ಗಳ ಸಾಮೂಹಿಕ ಮಾತುಕತೆಯಲ್ಲಿ) ನಾಡಿನ ಒಳಗಿನ ಗೆಳೆಯರ ಜೊತೆ ಹರಟುವುದೇ ನಿಮ್ಮ ಸಂತೋಷವಾಗಿದ್ದರೆ, ಎಂಟು ಹತ್ತು ಮೀಟರ್ ಎತ್ತರದಲ್ಲಿ ಎಳೆದ ಸಾದಾ ಡೈಪೋಲ್ ಈ ಎಲ್ಲ ತಂತಿಗಿಂತ ಅಗ್ಗ ಮತ್ತು ಉತ್ತಮ. ನೆರೆ, ಭೂಕುಸಿತದಂತಹ ಸಂದರ್ಭಗಳಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಸಂಪರ್ಕ ಕಲ್ಪಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಇದರ ಜೊತೆಗೆ ನಗರದ ಗದ್ದಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಎಲ್‌ಇಡಿ ದೀಪ, ಇನ್ವರ್ಟರ್, ಚಾರ್ಜರ್‌ಗಳ ಕರ್ಕಶ ಸದ್ದನ್ನು ಲಂಬ ಆಂಟೆನಾ ಡೈಪೋಲಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ.

ತಂತಿ ಹಾಸುವ ಕೆಲಸದ ಬಗ್ಗೆ ಕೆಲವು ಮಾತು. ಆಳವಾಗಿ ಹೂಳುವ ಅಗತ್ಯವಿಲ್ಲ, ಹೂತಷ್ಟೂ ಲಾಭ ಕಡಿಮೆಯೇ. ಹುಲ್ಲಿದ್ದರೆ ತಂತಿಯನ್ನು ಬಿಗಿಯಾಗಿ ಎಳೆದು, ಯು ಆಕಾರಕ್ಕೆ ಬಗ್ಗಿಸಿದ ಕಂಬಿಯ ಮೊಳೆಗಳಿಂದ ನೆಲಕ್ಕೆ ಒತ್ತಿಬಿಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ಅದನ್ನು ಮುಚ್ಚುತ್ತದೆ, ಆಮೇಲೆ ಕಳೆ ಕತ್ತರಿಸುವ ಯಂತ್ರಕ್ಕೂ ದನದ ಕಾಲಿಗೂ ಸಿಗುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ ಹೆಚ್ಚು ಬಾಳುತ್ತದೆ. ಹೊದಿಕೆ ಇದ್ದರೂ ಇಲ್ಲದಿದ್ದರೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಅಲ್ಯುಮಿನಿಯಂ ತಂತಿಯನ್ನು ಮಣ್ಣು ಬೇಗ ತಿಂದುಹಾಕುತ್ತದೆ, ಕಲಾಯಿ ಕಂಬಿ ಕರಾವಳಿಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಬುಡದಲ್ಲಿ ಎಲ್ಲ ತಂತಿಗಳನ್ನೂ ಒಂದು ಲೋಹದ ತಟ್ಟೆಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳಿಂದ ಬಿಗಿಯುವುದು ಒಳ್ಳೆಯದು. ತಾಮ್ರ ಮತ್ತು ಅಲ್ಯುಮಿನಿಯಂ ನೇರವಾಗಿ ತಾಗಿದರೆ ತೇವದಲ್ಲಿ ಅಲ್ಯುಮಿನಿಯಂ ಸವೆಯುತ್ತದೆ, ನಡುವೆ ಸ್ಟೇನ್‌ಲೆಸ್ ವಾಷರ್ ಇರಲಿ.

ಇಷ್ಟು ಹೊತ್ತು ಅಂಗಳವಿರುವವರ ಮಾತಾಯಿತು. ನಿಮ್ಮಲ್ಲಿ ಬಹುಮಂದಿಗೆ ಇರುವುದು ತಾರಸಿ. ಅದು ದುರದೃಷ್ಟವೇನಲ್ಲ. ರೇಡಿಯಲ್‌ಗಳು ನೆಲದಿಂದ ಮೇಲೆದ್ದ ಕೂಡಲೇ ಆಟದ ನಿಯಮಗಳೇ ಬದಲಾಗುತ್ತವೆ. ಸೆವರ್ನ್ಸ್ ಅವರ ಅಳತೆಗಳಲ್ಲಿ ಗಾಳಿಯಲ್ಲಿ ಎತ್ತಿ ಕಟ್ಟಿದ ನಾಲ್ಕು ಕಾಲು ತರಂಗಾಂತರದ ತಂತಿಗಳು ನೆಲದ ಮೇಲಿನ 64 ತಂತಿಗಳಿಗೆ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡಿದವು. ಬ್ರೌನ್ ಕಥೆಯ ಎರಡು ಕಡ್ಡಿ ನೆನಪಿದೆಯಲ್ಲ: ಎದುರುಬದುರಾದ ಎರಡು ತಂತಿಗಳಲ್ಲಿ ಸಮನಾದ ಪ್ರವಾಹ ವಿರುದ್ಧ ದಿಕ್ಕಿಗೆ ಹರಿಯುವುದರಿಂದ ಅವುಗಳ ವಿಕಿರಣ ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತದೆ, ಎರಡಾದರೂ ಸಾಕಾಗುತ್ತದೆ. ಆದರೆ ನೆಲದ ಮೇಲೆ ಇದ್ದ ಸಲಿಗೆ ಇಲ್ಲಿಲ್ಲ. ಎತ್ತಿದ ರೇಡಿಯಲ್‌ಗಳನ್ನು ಅಳೆದು ಕತ್ತರಿಸಬೇಕು, ಎಲ್ಲವೂ ಒಂದೇ ಉದ್ದವಿರಬೇಕು, ಪ್ರತಿ ಬ್ಯಾಂಡಿಗೂ ಬೇರೆ ಜೋಡಿ ಬೇಕು. 71ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉದ್ದ ಬರುತ್ತದೆ; 14.2ಕ್ಕೆ ಐದು ಮೀಟರ್. ಪ್ಲಾಸ್ಟಿಕ್ ಹೊದಿಕೆಯಿದ್ದರೆ ಅದಕ್ಕಿಂತ ತುಸು ಕಡಿಮೆ ಸಾಕಾಗುತ್ತದೆ, ಅನಲೈಸರ್ ಹಿಡಿದು ಸರಿಪಡಿಸಿ. ತಂತಿಗಳನ್ನು ಅಡ್ಡಲಾಗಿ ಕಟ್ಟಿದರೆ ರೋಧ 36 ಓಮ್‌ಗಿಂತಲೂ ಕೆಳಗಿರುತ್ತದೆ, 45 ಡಿಗ್ರಿ ಇಳಿಜಾರಾಗಿ ಕಟ್ಟಿದರೆ 50ರ ಸಮೀಪ ಬರುತ್ತದೆ. ಇಲ್ಲಿ ಸಿಗುವ 50 ಓಮ್ ಮಣ್ಣಿನ ಕೊಡುಗೆಯಲ್ಲವಾದ್ದರಿಂದ ಇದನ್ನು ಸಂಶಯವಿಲ್ಲದೆ ಸ್ವೀಕರಿಸಬಹುದು.

ಕಾಂಕ್ರೀಟ್ ತಾರಸಿಯೊಳಗಿನ ಕಬ್ಬಿಣದ ಜಾಲವನ್ನು ರೇಡಿಯಲ್ ಎಂದು ನಂಬಿಕೊಳ್ಳಬೇಡಿ. ಕಂಬಿಗಳನ್ನು ತೆಳು ಕಟ್ಟುತಂತಿಯಿಂದ ಕಟ್ಟಿರುತ್ತಾರೆ, ಸಂಪರ್ಕ ಎಲ್ಲಿದೆ ಎಲ್ಲಿಲ್ಲ ಎಂದು ಹೇಳಲಾಗದು. ತಂತಿಗಳು ತಾರಸಿಯ ಮೈಗೆ ತಾಗದಂತೆ ಒಂದೆರಡು ಮೀಟರ್ ಮೇಲಿದ್ದರೆ ಒಳ್ಳೆಯದು. ಮಲೆನಾಡು, ಕರಾವಳಿಯಲ್ಲಿ ತಾರಸಿಯ ಮೇಲೆ ಮಳೆಗಾಗಿ ಹಾಕುವ ತಗಡಿನ ಮಾಡು ಮಾತ್ರ ನಿಜವಾದ ವರ. ಹಾಳೆಗಳನ್ನು ಒಂದಕ್ಕೊಂದು ತಂತಿಯಿಂದ ಸರಿಯಾಗಿ ಬೆಸೆದರೆ ಅದಕ್ಕಿಂತ ಉತ್ತಮವಾದ ನೆಲ ಬೇಕಿಲ್ಲ. ಬೆಸೆಯದೆ ಬಿಟ್ಟರೆ ತುಕ್ಕು ಹಿಡಿದ ಜೋಡಣೆಗಳು ಡಯೋಡಿನಂತೆ ವರ್ತಿಸಿ, ನಿಮ್ಮ ಸಂಕೇತದ ಗುಣಕ ಆವರ್ತನಗಳನ್ನು (ಎರಡು, ಮೂರು ಪಟ್ಟಿನ ಆವರ್ತನಗಳನ್ನು) ನೆರೆಮನೆಯ ಟಿವಿಗೆ ಹಂಚುತ್ತವೆ.

ಎತ್ತಿದ ರೇಡಿಯಲ್‌ಗಳಿರುವಲ್ಲಿ ಕೇಬಲ್ಲಿನ ಹೊರಮೈ ಇನ್ನೊಂದು ರೇಡಿಯಲ್ ಆಗದಂತೆ ಆಂಟೆನಾದ ಬುಡದಲ್ಲೇ ಚೋಕ್ ಹಾಕಬೇಕು. ಫೆರೈಟ್ ಬಳೆಯ ಮೂಲಕ ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿದರೆ ಆಯಿತು. ಎರಡೇ ರೇಡಿಯಲ್ ಇರುವಾಗ ಪಕ್ಕದ ನೀರಿನ ಟ್ಯಾಂಕ್, ಕೊಳಾಯಿಗಳ ಪ್ರಭಾವದಿಂದ ಎರಡರಲ್ಲೂ ಪ್ರವಾಹ ಅಸಮವಾಗುವುದುಂಟು. ಜಾಗವಿದ್ದರೆ ಆರೆಂಟು ತಂತಿಗಳನ್ನು ಕಟ್ಟುವುದರಿಂದ ಈ ಚಂಚಲತೆ ಬಹಳ ಕಡಿಮೆಯಾಗುತ್ತದೆ. ನೂರು ವಾಟ್ ಕೊಟ್ಟಾಗ ಈ ತಂತಿಗಳ ತುದಿಯಲ್ಲಿ ನೂರಾರು ವೋಲ್ಟ್ ಇರುತ್ತದೆ, ಮುಟ್ಟಿದ ಬೆರಳು ಸುಡುತ್ತದೆ. ತುದಿಗಳನ್ನು ಪ್ಯಾರಪೆಟ್ ಗೋಡೆಯ ಕಬ್ಬಿಣದ ಕಂಬಿಗೆ ಕಟ್ಟದೆ ನೈಲಾನ್ ಹಗ್ಗದಿಂದ ಎಳೆದು ಕಟ್ಟಿ, ತಲೆಗಿಂತ ಎತ್ತರದಲ್ಲಿರಿಸಿ, ಮತ್ತು ಮನೆಯವರು ಅದನ್ನು ಬಟ್ಟೆ ಒಣಹಾಕುವ ತಂತಿ ಎಂದು ತಿಳಿಯುವ ಮೊದಲೇ ಅವರಿಗೆ ವಿಷಯ ತಿಳಿಸಿಬಿಡಿ.